ಸಿಲ್ಯನಿಗೆ ಏಕವಚನ

ಫ್ಲವರ್ ಮೌಂಡ್, ಟೆಕ್ಸಸ್
4 ಮೇ 2025

ಪ್ರೀತಿಯ ತ್ರಿವೇಣಿಗೆ ಲೀಲಾವತಿ ಮಾಡುವ ಆಶೀರ್ವಾದಗಳು.

ಈ ಕಥೆಯನ್ನು ಮೊದಲು ಹೇಳಿದವರು ಕಮಲವ್ವ. ಹೇಳಿದ್ದು ಹೋದ ಭಾನುವಾರ, ಮೆಕಿನ್ನಿಯಲ್ಲಿ ಅವರ ಮಗಳು ಅನಘಾಳ ಮನೆಯಲ್ಲಿ, ಚಿತ್ರಾನ್ನದ ಪಾತ್ರೆ ಬರಿದಾಗಿ ಎಲ್ಲರೂ ಕಾಫಿಗೆ ಕಾಯುತ್ತ ಕುಳಿತಿದ್ದ ಹೊತ್ತಿನಲ್ಲಿ. ಉತ್ತರದಲ್ಲಿ ಒಂದು ದೇಶವಿದೆಯಂತೆ. ಅಲ್ಲಿ ಯಾರ ಕಾಡಿಗೆ ಯಾರು ಬೇಕಾದರೂ ಹೋಗಬಹುದಂತೆ, ಹಣ್ಣು ಅಣಬೆ ಕಿತ್ತು ತರಬಹುದಂತೆ, ಕಾಡಿನ ಒಡೆಯ ಎದುರಾದರೆ ತಾನೇ ನಮಸ್ಕಾರ ಹೇಳಿ ದಾರಿ ಬಿಡುತ್ತಾನಂತೆ. “ಆ ದೇಶದಾಗ ನಿಮ್ಮ ತ್ರಿವೇಣಿ ಅದಾಳ್ರೀ ಲೀಲಾವತಿ” ಎಂದು ಮುಗಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ಕಮಲವ್ವ ಆಮೇಲೆ ಇನ್ನೂ ಒಂದು ಮಾತು ಹೇಳಿದರು. ಅದು ಇರಲಿ ಬಿಡು.

ನನಗಂತೂ ನಂಬಿಕೆ ಬರಲಿಲ್ಲ. ನಮ್ಮ ಊರಿನ ಹೆಸರೇ ಹೂವಿನ ದಿಬ್ಬ. ಆದರೆ ದೇವರಿಗೆಂದು ಪಕ್ಕದ ಬೀದಿಯ ಬೇಲಿಯಾಚೆ ಬಾಗಿದ್ದ ಎರಡು ಗುಲಾಬಿ ಕಿತ್ತದ್ದಕ್ಕೆ ನಾನು ಅವರ ಬಾಗಿಲ ಕ್ಯಾಮೆರಾದಲ್ಲಿ ಬಿದ್ದು, ಬಡಾವಣೆಯ ಗ್ರೂಪಿನಲ್ಲೆಲ್ಲ ಮೆರವಣಿಗೆ ಹೋದದ್ದು ನಿನಗೆ ಗೊತ್ತೇ ಇದೆ. ಮೈಸೂರಿನಲ್ಲಿ ಬೆಳಗಿನ ವಾಕಿಂಗ್ ಹೊರಟವರು ಚೀಲ ಹಿಡಿದು ಬೀದಿಯ ಹೂವನ್ನೆಲ್ಲ ಬಿಡಿಸುತ್ತಿದ್ದುದು ಕಳ್ಳತನವೆಂದು ಯಾರಿಗೆ ಹೊಳೆದಿತ್ತು? ಈಗ ನಾನು ಚಪ್ಪಲಿ ಮೆಟ್ಟಿದರೆ ಸಾಕು, ನಿನ್ನ ಭಾವ ಒಳಗಿನಿಂದಲೇ, “ಲೀಲಾ, ಚೀಲ ಇಟ್ಟು ಹೋಗೇ” ಅನ್ನುತ್ತಾರೆ.

ಫೋನ್ ಮಾಡಬಹುದಿತ್ತು. ಆದರೆ ಸಂಪತ್ ಹೋದಾಗಿನಿಂದ ಫೋನಿನಲ್ಲಿ ನಾವಿಬ್ಬರೂ ಊಟ ಆಯಿತೇ, ಬಿಸಿಲು ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನನಗೆ ನಾಲ್ಕು ಮಾತು ಹೆಚ್ಚು ಬರುತ್ತದೆ. ನನಗಿದ್ದವನು ಒಬ್ಬನೇ ತಮ್ಮ. ಅವನ ಕಡೆಯಿಂದ ಉಳಿದಿರುವವರು ನೀನು ಮತ್ತು ಇಶಾ. ಆಗಸ್ಟ್ ಮೊದಲ ವಾರ ಅವನ ವರ್ಷದ ವೈದಿಕ. ಜುಲೈ ನಡುವಿಗೆ ನೀನು ವಾಪಸ್ ಬರುತ್ತೀಯಲ್ಲ?

ಹೋದ ತಿಂಗಳು ಫುಲ್‌ಶೀರ್‌ಗೆ ಹೋಗಿ ನಿನ್ನ ಮನೆ ನೋಡಿ ಬಂದೆವು. ಪಕ್ಕದ ಮನೆಯ ಪ್ರಭಂಜನ ಬೀಗದ ಕೈ ಕೊಟ್ಟರು. ಎಲ್ಲ ಇದ್ದ ಹಾಗೇ ಇದೆ.

ನಿನ್ನ ಭಾವನಿಗೂ ನನಗೂ ಅಲ್ಲಿಗೆ ಬರುವ ಮನಸ್ಸಾಗಿದೆ. ಆದ್ದರಿಂದ ವಿವರವಾಗಿ ಬರಿ. ವಿಮಾನ ಇಳಿದ ಮೇಲೆ ಏನು ಹತ್ತಬೇಕು? ಚಳಿ ಎಷ್ಟು? ನಮಗೆ ತಿನ್ನಲು ಏನು ಸಿಗುತ್ತದೆ? ಹಾವು ಗೀವು ಇದೆಯೇ? ಅಲ್ಲಿ ನಿನಗೆ ಜೊತೆ ಯಾರು?

ನಿನ್ನ
ಲೀಲಾವತಿ

*

ರೆಟ್‌ವಿಕ್, ದಾಲಾರ್ನಾ ಪ್ರಾಂತ್ಯ, ಸ್ವೀಡನ್
18 ಮೇ 2025

ಅತ್ತಿಗೆಗೆ ತ್ರಿವೇಣಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಇಂಗ್ರಿಡ್ ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟಳು. ಕನ್ನಡ ಅಕ್ಷರ ಅವಳಿಗೆ ಬಳೆ ಜೋಡಿಸಿಟ್ಟ ಹಾಗೆ ಕಾಣುತ್ತದಂತೆ. ಇಂಗ್ರಿಡ್ ನೆನಪಿದ್ದಾಳಲ್ಲ? ನಾನು ಡಾಕ್ಟರಾಗಿದ್ದ ಹ್ಯೂಸ್ಟನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ನಿವೃತ್ತಿಯಾಗಿ ತನ್ನ ಊರಿಗೆ ಮರಳಿದವಳು. ಅವಳ ಹಿತ್ತಲಿನ ಕೆಂಪು ಮರದ ಮನೆಯಲ್ಲೇ ನಾನಿರುವುದು. ಅವಳು ಇಲ್ಲಿ ಪ್ರವಾಸಿಗಳಿಗೆ ಮಾಹಿತಿ ಕೊಡುವ ಕಚೇರಿಯಲ್ಲಿ ಕೂರುತ್ತಾಳೆ. ನಾನು ಸುಮ್ಮನೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವಳು ಹೇಳುವುದನ್ನು ಕೇಳುತ್ತೇನೆ. ಈಗ ನನಗೂ ಬಾಯಿಪಾಠವಾಗಿದೆ. ಆದ್ದರಿಂದ ನಿಮ್ಮ ಪ್ರಶ್ನೆಗಳಿಗೆ ಕಚೇರಿಯವಳಂತೆಯೇ ಉತ್ತರ ಕೊಡುತ್ತೇನೆ, ನಗಬೇಡಿ.

ಸ್ಟಾಕ್‌ಹೋಮಿನ ವಿಮಾನ ನಿಲ್ದಾಣದ ಕೆಳಗೇ ರೈಲು ಬರುತ್ತದೆ. ಹೊರಗೆ ಕಾಲಿಡುವುದೇ ಬೇಡ. ಮೋರಾ ಊರಿಗೆ ಹೋಗುವ ರೈಲು ಹತ್ತಿ, ಭಾವ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ರೆಟ್‌ವಿಕ್. ನಿಲ್ದಾಣದಿಂದ ನಡೆದೇ ಬರಬಹುದು. ಬೇಸಿಗೆಯಲ್ಲೂ ಸಂಜೆಗೆ ಚಳಿ. ಇಲ್ಲಿ ಎರಡು ಉಣ್ಣೆಯನ್ನು ನೆನಪಿಡಬೇಕು ಅತ್ತಿಗೆ: ಮೈಮೇಲೆ ಹಾಕಿಕೊಳ್ಳುವ ಉಣ್ಣೆ, ಮೈಮೇಲೆ ಹತ್ತಿ ರಕ್ತ ಹೀರದಂತೆ ನೋಡಿಕೊಳ್ಳುವ ಉಣ್ಣೆ. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಮೊಣಕಾಲ ಹಿಂದೆ ನೋಡಿಕೊಳ್ಳಬೇಕು. ಹಾವು ಇದೆ, ನಮ್ಮನ್ನು ಕಂಡರೆ ಅದಕ್ಕೇ ಗಾಬರಿ. ಕತ್ತಲಾಗುವ ಹೊತ್ತಿಗೆ ಕಡವೆಯಂಥ ದೊಡ್ಡ ಪ್ರಾಣಿ ರಸ್ತೆಗೆ ಬಂದು ನಿಲ್ಲುತ್ತದೆ, ಕಾರು ನಿಧಾನ. ತಿನ್ನಲು ಆಲೂಗಡ್ಡೆ, ರೈ ರೊಟ್ಟಿ, ಗಟ್ಟಿ ಮೊಸರು. ಕಾಫಿಯಂತೂ ನಾವು ಕುಡಿಯುವಷ್ಟೇ ಸಲ ಇವರೂ ಕುಡಿಯುತ್ತಾರೆ.

ಕಮಲವ್ವ ಹೇಳಿದ್ದು ನಿಜ. ಇದನ್ನು ಇಲ್ಲಿ ‘ಎಲ್ಲರ ಹಕ್ಕು’ ಅನ್ನುತ್ತಾರೆ. ಬೇರೆಯವರ ಕಾಡಿನಲ್ಲಿ ನಡೆಯಬಹುದು, ನೀಲಿ ಹಣ್ಣು, ಅಣಬೆ ಆರಿಸಬಹುದು, ಒಂದು ರಾತ್ರಿ ಡೇರೆ ಹಾಕಬಹುದು. ಯಾರಿಗೂ ತೊಂದರೆ ಕೊಡಬಾರದು, ಏನನ್ನೂ ಹಾಳು ಮಾಡಬಾರದು, ಅಷ್ಟೇ ನಿಯಮ. ಆದರೆ ಮನೆಯಂಗಳದ ಹೂ ಮಾತ್ರ ಇಲ್ಲೂ ಕೀಳುವಂತಿಲ್ಲ. ಭಾವನಿಗೆ ಇದನ್ನು ಓದಿ ಹೇಳಿ!

ಜೊತೆ ಯಾರು ಅಂದಿರಿ. ಇಂಗ್ರಿಡ್ ಹಗಲಿಗೆ. ಬೆಳಿಗ್ಗೆ, ಸಂಜೆ ಸಿಲ್ಯನಿದ್ದಾನೆ. ಮೊದಲ ಕಾಫಿ ಅವನ ಪಕ್ಕದಲ್ಲೇ. ಅವನ ಹತ್ತಿರ ಎಷ್ಟು ಹೊತ್ತು ಕೂತರೂ ಎದ್ದು ಬರಲು ಮನಸ್ಸಾಗುವುದಿಲ್ಲ. ಬಂದ ವಾರವೇ ಇಶಾಗೆ ಅವನ ಚಿತ್ರದ ಕಾರ್ಡು ಕಳಿಸಿದ್ದೆ, ನಿಮಗೆ ತೋರಿಸಿರುತ್ತಾಳೆ.

ಒಂದು ಉಪಕಾರವಾಗಬೇಕು. ಫುಲ್‌ಶೀರ್ ಮನೆಯ ಮಹಡಿಯ ಬೀರುವಿನಲ್ಲಿ ಇವರ ಬೂದು ಬಣ್ಣದ ಉದ್ದನೆಯ ಉಣ್ಣೆ ಕೋಟು ಇದೆ. ಹ್ಯೂಸ್ಟನ್ನಿನ ಸೆಕೆಯಲ್ಲಿ ಅದನ್ನು ಯಾರು ಹಾಕುತ್ತಾರೆ? ಕಳಿಸಿಕೊಡುತ್ತೀರಾ? ಸಂಜೆ ಸಿಲ್ಯನ ಹತ್ತಿರ ಬೇಕಾಗುತ್ತದೆ.

ನಿಮ್ಮ
ತ್ರಿವೇಣಿ

*

ಫ್ಲವರ್ ಮೌಂಡ್
30 ಮೇ 2025

ತ್ರಿವೇಣಿಗೆ,

ಕಾಗದ ಬಂತು. ರೈಲು, ಆಲೂಗಡ್ಡೆ, ಉಣ್ಣೆ, ಎಲ್ಲ ತಿಳಿಯಿತು.

ಕೋಟು ಸಿಗಲಿಲ್ಲ. ಬೀರುವಿನಲ್ಲಿ ನೋಡಿದೆವು. ಬೇಕಾದವರು ಅಲ್ಲೇ ಹೊಸದು ಕೊಳ್ಳಬಹುದು.

ಇಶಾ ನನಗೆ ಯಾವ ಕಾರ್ಡನ್ನೂ ತೋರಿಸಿಲ್ಲ. ಹೋದ ಶನಿವಾರ ಫೋನಿನಲ್ಲಿ, “ಅಮ್ಮ ಅಲ್ಲಿ ಆರಾಮಾಗಿದಾಳೇನೇ?” ಎಂದೆ. “ಶಿ ಈಸ್ ಸೋ ಹ್ಯಾಪಿ ದೇರ್, ಅತ್ತೆ” ಅಂದಳು. ಅಷ್ಟೇ. ಅವಳ ದನಿಯಲ್ಲಿ ಏನೋ ಮುಚ್ಚಿಟ್ಟ ಹಾಗಿತ್ತೋ, ನನ್ನ ಕಿವಿಯ ತಪ್ಪೋ, ದೇವರಿಗೇ ಗೊತ್ತು. ತಾಯಿಮಗಳ ನಡುವೆ ಇರುವ ವಿಷಯ ಅತ್ತೆಯವರೆಗೆ ಬರಬೇಕೆಂದು ಏನೂ ಇಲ್ಲವಲ್ಲ.

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಕೊಟ್ಟಿಲ್ಲ. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ. ಅವರು, “ಏನಂತೆ? ರೈಲೋ ಬಸ್ಸೋ?” ಎಂದು ಕೇಳಿದರು. ರೈಲು ಅಂದೆ.

ಕಥೆ ಹೇಳುವವಳಿಗೆ ಕಥೆಯಲ್ಲಿ ಬರುವವರ ಪರಿಚಯ ಬೇಕಾಗುತ್ತದೆ. ಅದಕ್ಕೇ ಕೇಳುತ್ತೇನೆ. ಈ ಸಿಲ್ಯ ಯಾರು? ವಯಸ್ಸೆಷ್ಟು? ಯಾರ ಪೈಕಿ, ಹಿಂದೆಮುಂದೆ ಯಾರಿದ್ದಾರೆ? ಗುಣ ಹೇಗೆ?

ಲೀಲಾವತಿ

*

ರೆಟ್‌ವಿಕ್
13 ಜೂನ್ 2025

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎಷ್ಟು ನಕ್ಕೆನೆಂದರೆ ಇಂಗ್ರಿಡ್ ಬಂದು ಕೇಳಿದಳು. ಹೆಣ್ಣು ಕೊಡುವ ಮನೆಯವರ ಹಾಗೆ ವಿಚಾರಿಸುತ್ತಿದ್ದೀರಿ! ಇಶಾ ಚಿಕ್ಕವಳಿದ್ದಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದಿರಲ್ಲ, ರಾಜಕುಮಾರ ಬಂದ ಕೂಡಲೇ ಅವನ ಊರು ಹೆಸರು ಕೇಳಿಸುತ್ತಿದ್ದಿರಲ್ಲ, ಅದೇ ದನಿ ಕೇಳಿಸಿತು. ನಾನೂ ಹಾಗೆಯೇ ಹೇಳುತ್ತೇನೆ, ಕೇಳಿ.

ಸಿಲ್ಯನ ತಂದೆತಾಯಿ ಗೊತ್ತಿಲ್ಲ. ಆಕಾಶದಿಂದ ಬಿದ್ದವನು ಅನ್ನುತ್ತಾರೆ ಇಲ್ಲಿನವರು. ವಯಸ್ಸು ಹೇಳಿದರೆ ನೀವು ಕಥೆಯನ್ನು ಅಲ್ಲೇ ನಿಲ್ಲಿಸಿಬಿಡುತ್ತೀರಿ, ಬಹಳ ಹಳಬ. ಆದರೆ ಮುಖ ನೋಡಿದರೆ ಒಂದು ಸುಕ್ಕಿಲ್ಲ, ಗಾಳಿ ಬಂದರೆ ಮಾತ್ರ ಸ್ವಲ್ಪ ಗಂಟಿಕ್ಕುತ್ತಾನೆ. ಮಾತು ಕಡಿಮೆ, ಬಹಳ ಆಳ. ಚಳಿಗಾಲದಲ್ಲಿ ಕಲ್ಲಾಗಿಬಿಡುತ್ತಾನಂತೆ, ಅದನ್ನು ನಾನು ನೋಡಿಲ್ಲ. ಊರಿನ ಮಕ್ಕಳು ಮೈಮೇಲೆ ಬಿದ್ದರೂ ಸಿಟ್ಟಿಲ್ಲ. ಹೋದ ಗುರುವಾರ ಸಂಜೆ ನಾನು ಅವನ ಹತ್ತಿರ ಕೂತು ಸ್ವಲ್ಪ ಅತ್ತೆ. ಅವನು ಏನೂ ಕೇಳಲಿಲ್ಲ.

ಬರುವ ಶುಕ್ರವಾರ ಇಲ್ಲಿ ನಡುಬೇಸಿಗೆಯ ಹಬ್ಬ. ಎತ್ತರದ ಕಂಬಕ್ಕೆ ಎಲೆ ಹೂ ಸುತ್ತಿ ನಿಲ್ಲಿಸುತ್ತಾರೆ, ಊರಿಗೆ ಊರೇ ಸುತ್ತ ಕುಣಿಯುತ್ತದೆ. ಹುಡುಗಿಯರು ಹೊಲದಂಚಿನಿಂದ ಏಳು ಬಗೆಯ ಹೂ ಕಿತ್ತು ದಿಂಬಿನಡಿ ಇಟ್ಟುಕೊಂಡರೆ ಮದುವೆಯಾಗುವವನು ಕನಸಿನಲ್ಲಿ ಬರುತ್ತಾನಂತೆ. ಇಂಗ್ರಿಡ್ ನನಗೂ ಕೀಳು ಎಂದು ಪೀಡಿಸುತ್ತಿದ್ದಾಳೆ. ಬರುವವರು ಆ ಸಮಯಕ್ಕೆ ಬಂದರೆ ಚೆನ್ನ, ಆದರೆ ಮನೆ ಸಿಗುವುದು ಕಷ್ಟ, ಮೊದಲೇ ಹೇಳಿಡಬೇಕು.

ಕೋಟಿನ ವಿಷಯ ಇರಲಿ ಬಿಡಿ.

ನಿಮಗೆ ಒಂದು ಮಾತು ಹೇಳಬೇಕಾಗಿದೆ. ಹೇಗೆ ಹೇಳುವುದೆಂದು ತಿಳಿಯುತ್ತಿಲ್ಲ. ಇಶಾಗೂ ಹೇಳಿಲ್ಲ. ಮುಂದಿನ ಕಾಗದದಲ್ಲಿ ಬರೆಯುತ್ತೇನೆ.

ನಿಮ್ಮ
ತ್ರಿವೇಣಿ

*

ಫ್ಲವರ್ ಮೌಂಡ್
24 ಜೂನ್ 2025

ತ್ರಿವೇಣಿ,

ನೀನು ಹೇಳಬೇಕಾಗಿರುವ ಮಾತು ನನಗೆ ಗೊತ್ತಾಗಿದೆ. ನೀನು ಕಷ್ಟಪಡುವುದು ಬೇಡ.

ಕಮಲವ್ವ ಮೆಕಿನ್ನಿಯಲ್ಲಿ ಹೇಳಿದ ಇನ್ನೊಂದು ಮಾತು ಏನೆಂದು ಈಗ ಬರೆಯುತ್ತೇನೆ. “ಆಕಿ ಅಲ್ಲಿ ಒಬ್ಬಾಕಿನೇ ಇಲ್ರೀ. ನಾ ಫೋನ್ ಹಚ್ಚಿದ್ದೆ. ಈಗ ಸಿಲ್ಯನ ಕೂಡ ಕಾಫಿ ಕುಡದು ಬಂದೆ ಅಂದ್ಳು. ಯಾರವಾ ಆ ಸಿಲ್ಯಾ ಅಂತ ಕೇಳೂದ್ರಾಗ ಲೈನ್ ಕಟ್ಟಾತು.” ಹತ್ತು ಜನ ಕೂತಿದ್ದರು. ಅನಘಾಳ ಗಂಡ ಅವಿನಾಶ್ ಎದ್ದು ಸುಮ್ಮನೆ ಅಡುಗೆಮನೆಗೆ ಹೋದ. ನಾನು, “ಅಲ್ಲಿ ಹಾಗೆ ಯಾರೋ ಡಾಕ್ಟರ್ ಸ್ನೇಹಿತರಿರಬೇಕು ಕಮಲವ್ವ” ಎಂದು ನಗುತ್ತ ಹೇಳಿದೆ. ಮನೆಗೆ ಬರುವವರೆಗೂ ನಗುತ್ತಲೇ ಇದ್ದೆ.

ಅದಕ್ಕೇ ಆ ಪ್ರಶ್ನೆಗಳನ್ನೆಲ್ಲ ಕೇಳಿದ್ದು. ನಮಗೆಲ್ಲಿಯ ಸ್ವೀಡನ್? ರೈಲೂ ಬೇಡ, ಹಾವೂ ಬೇಡ, ನನಗೆ ಬೇಕಾಗಿದ್ದುದು ಕೊನೆಯ ಪ್ರಶ್ನೆಯ ಉತ್ತರ. ನೀನು ಹಿಂಜರಿಯದೆ ಕೊಟ್ಟೆ. ವಯಸ್ಸು ಕೇಳಿದರೆ ಹಾರಿಕೆ, ಮನೆತನ ಕೇಳಿದರೆ ಆಕಾಶ. ನನ್ನನ್ನು ತೊಡೆಯ ಮೇಲಿನ ಮಗು ಅಂದುಕೊಂಡೆಯಾ?

ಒಂದು ವಿಷಯ ಮಾತ್ರ ನನ್ನ ಎದೆಗೆ ಚುಚ್ಚಿತು. ನನ್ನ ತಮ್ಮನ ಜೊತೆ ಮೂವತ್ತಾರು ವರ್ಷ ಬಾಳಿದೆ. ಒಂದು ದಿನ ಅವನನ್ನು ಏಕವಚನದಲ್ಲಿ ಕರೆದದ್ದು ನಾನು ಕೇಳಿಲ್ಲ. ‘ಇವರು’, ‘ಅವರು’, ‘ಇವರ ಮಾತ್ರೆ’, ‘ಇವರ ಕನ್ನಡಕ’. ಬೆಡ್ಡಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಗಲೂ, “ಏಳ್ರೀ, ಅತ್ತಿಗೆ ಬಂದಿದಾರೆ” ಅಂದೆ. ಈ ಸಿಲ್ಯ ಒಂದೇ ತಿಂಗಳಲ್ಲಿ ‘ಅವನು’ ಆದ. ಅದರಲ್ಲೇ ನನಗೆ ಎಲ್ಲ ಅರ್ಥವಾಯಿತು.

ಇನ್ನೊಂದು ಮದುವೆಯಾಗಬಾರದೆಂದು ನಾನು ಹೇಳುವವಳಲ್ಲ. ಆ ಕಾಲ ಹೋಯಿತು. ಆದರೆ ಸಂಪತ್‌ನ ಕೋಟು ತೊಡಿಸಲು ಕೇಳಿದೆಯಲ್ಲ, ಅದು ಹೇಗೆ ಮನಸ್ಸು ಬಂತು?

ವೈದಿಕ ನಾವು ಇಲ್ಲೇ ಮಾಡಿಸುತ್ತೇವೆ. ನೀನು ಬರುವುದು ಬೇಡ. ಭಾನುವಾರ ಆಸ್ಟಿನ್‌ಗೆ ಹೋಗಿ ಇಶಾಳ ಹತ್ತಿರ ಮಾತಾಡುತ್ತೇನೆ. ಅವಳಿಗೆ ಎಷ್ಟು ಗೊತ್ತು ಎಂದು ಕೇಳಿಯೇ ಬರುತ್ತೇನೆ.

ಲೀಲಾವತಿ

*

ಆಸ್ಟಿನ್, ಇಶಾಳ ಮನೆ
29 ಜೂನ್ 2025

ತ್ರಿವೇಣಿ, ನನ್ನ ತಾಯಿ,

ಮಂಗಳವಾರದ ತಾರೀಖು ಹಾಕಿದ ನನ್ನ ಕಾಗದ ಬಂದರೆ ಒಡೆಯಬೇಡ. ಒಲೆಗೆ ಹಾಕು. ಒಲೆ ಇಲ್ಲದಿದ್ದರೆ ಇಂಗ್ರಿಡ್‌ಗೆ ಕೊಡು, ಅವಳಿಗೆ ಕನ್ನಡ ಬರುವುದಿಲ್ಲ.

ಆಗಿದ್ದು ಹೀಗೆ. ಮನೆಯಿಂದ ಇಲ್ಲಿಯವರೆಗೂ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ನಿನ್ನ ಭಾವ ಡ್ರೈವ್ ಮಾಡುತ್ತ, “ಏನೇ ಗೊಣಗ್ತಿದೀಯ?” ಅಂದರು. ಲಲಿತಾ ಸಹಸ್ರನಾಮ ಅಂದೆ. ಇಶಾ ಬಾಗಿಲು ತೆಗೆದಳು. ನೀರು ಬೇಕು ಅಂದೆ. ಅವಳು ಫ್ರಿಜ್ಜಿನ ಬಾಗಿಲು ಎಳೆದಾಗ ಒಂದು ಕಾರ್ಡು ಜಾರಿ ನನ್ನ ಕಾಲ ಬಳಿ ಬಿತ್ತು. ನೀಲಿ ನೀರು, ನೀರಿನೊಳಗೆ ಕಣ್ಣಿಗೆ ಕಾಣುವಷ್ಟು ದೂರ ಹೋದ ಒಂದು ಮರದ ಸೇತುವೆ, ಆಚೆ ದಡದಲ್ಲಿ ಕಪ್ಪು ಕಾಡು. ಮೇಲೆ ದಪ್ಪ ಇಂಗ್ಲಿಷ್ ಅಕ್ಷರ.

“ಇದೇನೇ ಸಿಲ್ಜಾನ್?”

“ಸಿಲ್ಯನ್, ಅತ್ತೆ. ಅವರ ಜೆ ನಮ್ಮ ವೈ ಥರ. ದಟ್ಸ್ ಅಮ್ಮಾಸ್ ಲೇಕ್.”

“ಅಮ್ಮನ ಏನು?”

“ಲೇಕ್. ಅಮ್ಮ ಗೋಸ್ ಅಂಡ್ ಸಿಟ್ಸ್ ದೇರ್ ಎವ್ರಿ ಮಾರ್ನಿಂಗ್. ಹಿಂದೆ ಕನ್ನಡದಲ್ಲಿ ಏನೋ ಬರ್ದಿದಾಳೆ, ಐ ಕಾಂಟ್ ರೀಡ್ ಇಟ್. ಓದ್ತೀರಾ?”

ತಿರುಗಿಸಿ ಓದಿದೆ. ‘ಇದು ಸಿಲ್ಯನ್ ಸರೋವರ. ಇವತ್ತಿನಿಂದ ಇವನೇ ನನ್ನ ಜೊತೆ.’ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇಶಾ ಗಾಬರಿಯಾಗಿ ಇವರನ್ನು ಕೂಗಿದಳು. ಇವರು ಬಂದು ಕಾರ್ಡು ನೋಡಿ, “ಓ, ಇದು ಉಲ್ಕೆ ಬಿದ್ದು ಆದ ಗುಂಡಿ. ಯೂರೋಪಿನಲ್ಲೇ ಬಹಳ ದೊಡ್ಡದು. ಪುಸ್ತಕದಲ್ಲಿ ಓದಿದೀನಿ” ಎಂದು ಪಾಠ ಶುರು ಮಾಡಿದರು. ಅಕ್ಕಿ ಡಬ್ಬದ ಹಿಂದೆ ಇಡದೆ ಕಾಗದವನ್ನು ಈ ಮನುಷ್ಯನಿಗೆ ಮೊದಲ ದಿನವೇ ಕೊಟ್ಟಿದ್ದರೆ!

ಇಶಾಗೆ ಏನೂ ಹೇಳಿಲ್ಲ. ಸೆಕೆಗೆ ತಲೆ ಸುತ್ತಿತು ಅಂದೆ.

ನಮ್ಮೂರಿನಲ್ಲಿ ನಾವು ಹೊಳೆಯನ್ನು ಏನಂತಿದ್ದೆವು? ಮಳೆಗಾಲದಲ್ಲಿ ಕಪಿಲೆ ಏರಿದಾಗ ಗದ್ದೆಯ ಕಡೆಯಿಂದ, “ಬಂದಳು, ಬಂದಳು” ಎಂದು ಕೂಗುತ್ತ ಓಡಿ ಬರುತ್ತಿದ್ದೆವು. ಯಾರೂ, ಯಾರು ಬಂದಳು ಎಂದು ಕೇಳುತ್ತಿರಲಿಲ್ಲ. ಅಂಥ ಊರಿನಲ್ಲಿ ಹುಟ್ಟಿದವಳಿಗೆ ಈ ಬುದ್ಧಿ ಬಂತಲ್ಲ.

ಒಡೆಯಬೇಡ. ಕೈಮುಗಿಯುತ್ತೇನೆ.

ಲೀಲಾವತಿ

*

ರೆಟ್‌ವಿಕ್
9 ಜುಲೈ 2025

ಅತ್ತಿಗೆಗೆ,

ನಿಮ್ಮ ಎರಡು ಕಾಗದವೂ ಒಂದೇ ದಿನ ಬಂದವು. ದಪ್ಪಗಿದ್ದುದನ್ನು ಮೊದಲು ಒಡೆದೆ. ಅದು ಮಂಗಳವಾರದ್ದು.

ಓದಿ ಮುಗಿಸಿ ಸಿಲ್ಯನ ಹತ್ತಿರ ಹೋಗಿ ಕೂತೆ. ಬೇರೆ ಎಲ್ಲಿಗೆ ಹೋಗಲಿ? ಅವತ್ತು ಮೊದಲ ಸಲ ಅವನನ್ನು ನೋಡಲು ನನಗೆ ನಾಚಿಕೆಯಾಯಿತು. ಮನೆಗೆ ಬಂದು ಎರಡನೆಯದನ್ನು ಒಡೆದೆ. ನಗು ಬಂತು. ಆದರೆ ಮೊದಲನೆಯದು ಓದಿದ ಮೇಲಿನ ನಗು, ಅತ್ತಿಗೆ. ಎಲ್ಲವನ್ನೂ ನುಂಗಿಕೊಂಡೆ, ‘ವೈದಿಕಕ್ಕೆ ಬರುವುದು ಬೇಡ’ ಅನ್ನುವುದು ಮಾತ್ರ ಗಂಟಲಲ್ಲೇ ಇದೆ.

ಏಕವಚನದ ಲೆಕ್ಕ ನೀವು ಸರಿಯಾಗಿಯೇ ಹಿಡಿದಿರಿ. ಬಂದ ದಿನ ಇಂಗ್ರಿಡ್ ಹೆಸರು ಹೇಳಿದಾಗ, ‘ಅನ್’ ಅಂತ ಮುಗಿಯಿತಲ್ಲ, ನನ್ನ ಕಿವಿಗೆ ಗಂಡಸಿನ ಹೆಸರಾಗಿ ಕೇಳಿಸಿತು. ಅದಷ್ಟೇ ಕಾರಣವಲ್ಲ. ಮೂವತ್ತಾರು ವರ್ಷ ‘ಇವರು’ ಅಂದೆ. ಇವರು ಹೋದ ಮೇಲೆ ‘ಇವರು’ ಅನ್ನಲು ಯಾರೂ ಇಲ್ಲ. ಮನೆ ತುಂಬ ‘ಅದು’ ಮಾತ್ರ: ಅದು ಕುರ್ಚಿ, ಅದು ಟೀವಿ. ಯಾರನ್ನಾದರೂ ‘ಅವನು’ ಅನ್ನಬೇಕು, ಬಯ್ಯಬೇಕು, ಯಾಕೋ ಹೀಗೆ ಮಾಡಿದೆ ಎಂದು ಕೇಳಬೇಕು ಅನ್ನಿಸುತ್ತಿತ್ತು. ಇವರನ್ನು ಹಾಗೆ ಕೇಳಲು ನಾಲಗೆ ಏಳುತ್ತಿರಲಿಲ್ಲ. ಸಿಲ್ಯನನ್ನು ಕೇಳಿದೆ.

ಕೋಟಿನ ವಿಷಯ. ನೀವು ಸಿಗಲಿಲ್ಲ ಎಂದು ಬರೆದಾಗ ಪ್ರಭಂಜನ ಅವರಿಗೆ ಫೋನ್ ಮಾಡಿದೆ. “ನಿಮ್ಮ ಅತ್ತಿಗೆ ಏಪ್ರಿಲ್‌ನಲ್ಲೇ ತಗೊಂಡು ಹೋದ್ರಲ್ಲ ಡಾಕ್ಟ್ರೇ, ಆ ಬಿಸಿಲಲ್ಲಿ ಎದೆಗೆ ಅವುಚಿಕೊಂಡು ಕಾರು ಹತ್ತಿದ್ರು” ಅಂದರು. ಅದಕ್ಕೇ ‘ಇರಲಿ ಬಿಡಿ’ ಎಂದು ಬರೆದೆ. ನಿಮಗೆ ಸಿಕ್ಕಿದ್ದು ನನಗೆ ಗೊತ್ತಿತ್ತು. ಇಟ್ಟುಕೊಳ್ಳಿ.

ಇನ್ನು ನಾನು ಹೇಳದೆ ಉಳಿಸಿದ ಮಾತು. ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಮನುಷ್ಯ ಯಾರೂ ಇಲ್ಲ, ಆದರೆ ನಾನು ವಾಪಸ್ ಬರುತ್ತಿಲ್ಲ ಎನ್ನುವುದು ನಿಜ. ಬಂದವರು ತೊಂಬತ್ತು ದಿನ ಇರಬಹುದು, ಹೆಚ್ಚು ಬೇಕಾದರೆ ಅರ್ಜಿ ಹಾಕಬೇಕು. ಜೂನ್‌ನಲ್ಲೇ ಹಾಕಿದ್ದೇನೆ. ಚಳಿಗಾಲ ಮುಗಿಯುವವರೆಗೆ ಇರುತ್ತೇನೆ. ಫುಲ್‌ಶೀರ್‌ನಲ್ಲಿ ಎದುರಾದವರೆಲ್ಲ, “ಈಗ ಪರವಾಗಿಲ್ವಾ ಆಂಟಿ?” ಎಂದು ಕೇಳುತ್ತಾರೆ. ಪರವಾಗಿಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಸಿಲ್ಯ ಕಲ್ಲಾಗುವುದನ್ನು ನೋಡಬೇಕು. ಕಲ್ಲಾದವನು ಮತ್ತೆ ನೀರಾಗುವುದನ್ನೂ ನೋಡಬೇಕು. ಅದನ್ನು ನೋಡದೆ ಬಂದರೆ ನಾನು ಅಲ್ಲಿ ಸುಳ್ಳು ಹೇಳುತ್ತಲೇ ಇರುತ್ತೇನೆ.

ಇದನ್ನು ನಿಮಗೆ ಹೇಳಲು ಹೆದರಿದೆ. ನೀವು ಒಂಟಿಯಾಗುತ್ತೀರಿ ಎಂದು ಗೊತ್ತಿತ್ತು.

ವೈದಿಕದ ದಿನ ಇಲ್ಲಿಂದಲೇ ನೀರು ಬಿಡುತ್ತೇನೆ. ಬೇಡ ಅನ್ನಬೇಡಿ.

ತ್ರಿವೇಣಿ

*

ಫ್ಲವರ್ ಮೌಂಡ್
21 ಜುಲೈ 2025

ಪ್ರೀತಿಯ ತ್ರಿವೇಣಿಗೆ ಆಶೀರ್ವಾದಗಳು.

ಬೇಡ ಅನ್ನಲು ನಾನ್ಯಾರು? ಬಿಡು, ಎರಡು ಬೊಗಸೆ ನನ್ನ ಹೆಸರಿನಲ್ಲೂ ಬಿಡು. ಬರುವುದು ಬೇಡ ಎಂದು ಬರೆದ ಕೈಯನ್ನು ಏನು ಮಾಡಿದರೂ ಆ ಸಾಲು ಅಳಿಯುವುದಿಲ್ಲ, ನನಗೆ ಗೊತ್ತು.

ಕೋಟು ನನ್ನ ಬೀರುವಿನಲ್ಲಿದೆ. ನೀನು ಊರು ಬಿಟ್ಟ ವಾರ ಆ ಮನೆಯ ಮಹಡಿ ಹತ್ತಿದಾಗ ಅದೊಂದೇ ಅವನ ಹಾಗೆ ನಿಂತಿತ್ತು. ಕಾಲರಿನಲ್ಲಿ ಇನ್ನೂ ವಿಕ್ಸ್ ವಾಸನೆ. ಸಿಲ್ಯನಿಗೆ ಕೊಡಬಾರದು ಎಂದು ಆಮೇಲೆ ಅಂದುಕೊಂಡೆ, ನಿಜ. ಆದರೆ ಸಿಲ್ಯನ ಹೆಸರು ಕೇಳುವ ಮೊದಲೇ ಅದನ್ನು ತೆಗೆದುಕೊಂಡಿದ್ದೆ. ನಿನಗೂ ಕೊಡುವ ಮನಸ್ಸಿರಲಿಲ್ಲ.

ಶನಿವಾರ ಮೆಕಿನ್ನಿಗೆ ಹೋದೆ. ಅವತ್ತು ಕಮಲವ್ವನ ಕಥೆ ಕೇಳಿದವರನ್ನೆಲ್ಲ ಕರೆಸು ಎಂದು ಅನಘಾಳಿಗೆ ಮೊದಲೇ ಹೇಳಿದ್ದೆ. ಇಶಾಳೂ ಆಸ್ಟಿನ್‌ನಿಂದ ಬಂದಳು. ಊಟವಾದ ಮೇಲೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಅಕ್ಕಿ ಡಬ್ಬ, ಕೋಟು, ಮಂಗಳವಾರದ ಕಾಗದ, ಒಂದನ್ನೂ ಬಿಡಲಿಲ್ಲ. ಇಶಾಗೂ ಎಲ್ಲರ ಎದುರಿನಲ್ಲೇ ತಿಳಿಯಿತು. ಅವಳು ಎದ್ದು ಹೊರಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ನನ್ನ ಪಕ್ಕದಲ್ಲಿ ಕೂತು, “ಯು ಶುಡ್ ಹ್ಯಾವ್ ಜಸ್ಟ್ ಆಸ್ಕ್ಡ್ ಮಿ, ಅತ್ತೆ” ಅಂದಳು. ಹೌದು ಅಂದೆ.

ಕಮಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. “ಲೈನ್ ಕಟ್ಟಾದ ಮ್ಯಾಲೆ ನಾ ಮತ್ತ ಫೋನ್ ಹಚ್ಚಬೇಕಿತ್ತ್ರೀ” ಅಂದರು. ಆಮೇಲೆ ಮೆಲ್ಲಗೆ, “ನೀರಿನ ಕೂಡ ಮಾತಾಡಿದ್ರ ಹಗುರಾಗ್ತದಂತೇನ್ರೀ?” ಅವರ ಯಜಮಾನರು ಹೋಗಿ ಹನ್ನೊಂದು ವರ್ಷವಾಯಿತೆಂದು ನನಗೆ ಆಗ ನೆನಪಾಯಿತು.

ಈಗ ನಿಜವಾಗಿ ಕೇಳುತ್ತೇನೆ, ನಿಜವಾಗಿ ಉತ್ತರ ಬರಿ. ವಿಮಾನ ನಿಲ್ದಾಣದ ಕೆಳಗೆ ರೈಲು ಅಂದೆಯಲ್ಲ, ಮೆಟ್ಟಿಲೋ ಲಿಫ್ಟೋ? ನನ್ನ ಮಂಡಿ ನಿನಗೆ ಗೊತ್ತು. ಸೆಪ್ಟೆಂಬರ್‌ನಲ್ಲಿ ಆ ಕೆಂಪು ಮನೆಯಲ್ಲಿ ಇನ್ನೊಂದು ಹಾಸಿಗೆ ಹಿಡಿಸುತ್ತದೆಯೇ? ಕಾಡಿನಲ್ಲಿ ಅಷ್ಟು ಹೊತ್ತಿಗೆ ಯಾವ ಹಣ್ಣು? ಕೋಟನ್ನು ಅಂಚೆಗೆ ಹಾಕುವುದಿಲ್ಲ, ತಂದು ಕೊಡುತ್ತೇನೆ. ದಾರಿಯಲ್ಲಿ ಒಂದು ಸಲ ನಾನೇ ತೊಟ್ಟುಕೊಂಡರೆ ಬೇಸರ ಮಾಡಿಕೊಳ್ಳಬೇಡ. ನೀನು ಚಳಿಗಾಲ ಮುಗಿಸಿಯೇ ಬಾ. ನನಗೆ ಅದು ಇಷ್ಟವಿಲ್ಲ. ಆದರೂ ಬಾ ಎಂದು ಎಳೆಯುವುದಿಲ್ಲ.

ಕಥೆ ಕೇಳಿದವರು ಮಾರನೆಯ ಬೆಳಗ್ಗೆ ಏನು ಮಾಡಿದರು ಅನ್ನುವುದನ್ನೂ ಹೇಳಿಬಿಡುತ್ತೇನೆ. ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ. ಆದರೂ ಬಿಸಿಲೇರುವ ಮೊದಲೇ ಮೆಕಿನ್ನಿಯಿಂದ ಒಂದೊಂದೇ ಕಾರು ನಮ್ಮ ಮನೆಯ ಮುಂದೆ ಬಂದು ನಿಂತಿತು. ಕಮಲವ್ವ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಎಲ್ಲರೂ ಹತ್ತಿರದ ಗ್ರೇಪ್‌ವೈನ್ ಸರೋವರಕ್ಕೆ ಹೋದೆವು. ನಾನು ಕೋಟು ತೊಟ್ಟುಕೊಂಡೇ ಇಳಿದೆ. ನಿನ್ನ ಭಾವ, “ಬೆಂದು ಹೋಗ್ತೀಯ ಕಣೇ” ಅಂದರೂ ತೆಗೆಯಲಿಲ್ಲ.

ಕಮಲವ್ವ ನೀರಿನ ಎದುರು ನಿಂತು, “ಇವನ ವಯಸ್ಸೆಷ್ಟಪಾ?” ಎಂದು ಅಳಿಯನನ್ನು ಕೇಳಿದರು.

“ಇದು ಡ್ಯಾಮ್ ಕಟ್ಟಿ ಮಾಡಿದ್ದು ಅತ್ತೆ” ಅಂದ ಅವಿನಾಶ್. “ಎಪ್ಪತ್ತು ಚಿಲ್ಲರೆ ಇರ್ಬೇಕು.”

“ಹಂಗಾದ್ರ ನನಗಿಂತ ಸಣ್ಣಾವ. ಏಕವಚನ ನಡೀತದ” ಎಂದು ಕಲ್ಲಿನ ಮೇಲೆ ಕೂತರು. ಅವರು ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ನಾವೆಲ್ಲ ಸ್ವಲ್ಪ ದೂರ ಸರಿದು ಕಾಫಿ ಕುಡಿದೆವು.

ಹೊರಡುವಾಗ ಕಮಲವ್ವ ದಡದ ಹುಲ್ಲಿನಲ್ಲಿ ಬಗ್ಗಿ, ಆ ಕಡೆ ಈ ಕಡೆ ನೋಡಿ, ಎಲ್ಲೂ ಕ್ಯಾಮೆರಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಹಳದಿ ಕಾಡುಹೂ ಕಿತ್ತು ನೀರಿಗೆ ಬಿಟ್ಟರು. ಅದು ದಡ ಬಿಟ್ಟು ಹೋಗಲೇ ಇಲ್ಲ. ಇಶಾ ಶೂ ಕಳಚಿ, ಮೊಣಕಾಲವರೆಗೆ ನೀರಿಗಿಳಿದು ಅದನ್ನು ಒಳಕ್ಕೆ ದೂಡಿದಳು. “ತಗೋ” ಅಂದಳು, ಕನ್ನಡದಲ್ಲಿ.